ಬಾಣಂತನ ಮುಗಿಯುವುದರೊಳಗೆ: ಹಸುಗೂಸಿನ ಕಿವಿ ಪರೀಕ್ಷೆಯಿಂದ ಶ್ರವಣ ಸಾಧನದವರೆಗೆ

ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ. ಹಿಂದಿನಿಂದ ಅವಳ ಬೆನ್ನಿಗೆ ಉಳಿದ ಹೆಂಗಸರ ಗುದ್ದು ಬೀಳುತ್ತದೆ, ಮನೆಯೆಲ್ಲ ನಗು. ಹೆಸರು ಕೂಸಿಗೆ ಕೇಳಿಸಿತೇ ಎಂದು ಆ ಗದ್ದಲದಲ್ಲಿ ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವುದು ನನ್ನ ಕೆಲಸ. ನಾನು ಹುಬ್ಬಳ್ಳಿಯಲ್ಲಿ ಆಡಿಯಾಲಜಿಸ್ಟ್. ಕಿವಿ ಡಾಕ್ಟರ್ ಎಂದು ಕರೆಯುವವರಿದ್ದಾರೆ, ಕಿವಿ ಮಿಷನ್ ಅಂಗಡಿಯವರು ಎನ್ನುವವರೂ ಇದ್ದಾರೆ. ಎರಡೂ ಅಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯಿಂದ ಮೂರೂವರೆ ವರ್ಷದ ಹುಡುಗನೊಬ್ಬನನ್ನು ಕರೆತಂದರು. ಮಾತಿಲ್ಲ. ಅಜ್ಜಿಗೆ ಆತಂಕವೇನೂ ಇರಲಿಲ್ಲ: ‘ಇವರಪ್ಪನಿಗೂ ನಾಲ್ಕು ತುಂಬಿದ ಮೇಲೆಯೇ ಮಾತು ಬಂದದ್ದು.’ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದರು, ಗುಡಿಗೆ ಗಂಟೆ ಕಟ್ಟಿಸಿದ್ದರು. ಅವರ ಪ್ಲಾಸ್ಟಿಕ್ ಚೀಲದಲ್ಲಿದ್ದ ಹಳೆಯ ಕಾಗದಗಳನ್ನು ತಿರುವಿದಾಗ ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆ ಸಿಕ್ಕಿತು. ಅದರ ಮೂಲೆಯಲ್ಲಿ ಪೆನ್ನಿನಿಂದ ಬರೆದಿತ್ತು: ‘ಓಎಇ, ಎರಡೂ ಕಿವಿ, ರೆಫರ್.’ ಕೂಸಿನ ಕೇಳ್ಮೆ ತಪಾಸಿಸುವ ಓಎಇ ಯಂತ್ರ, ಮತ್ತೆ ಪರೀಕ್ಷಿಸಬೇಕೆಂದು ಹುಟ್ಟಿದ ಮೂರನೆಯ ದಿನವೇ ಸುಳಿವು ಕೊಟ್ಟಿತ್ತು. ಅದನ್ನು ತಾಯಿಗೆ ಬಿಡಿಸಿ ಹೇಳಿದವರಿಲ್ಲ. ಮರುಪರೀಕ್ಷೆಗೆ ಕರೆ ಹೋಗುವ ಹೊತ್ತಿಗೆ ಆಕೆ ತವರಿನಿಂದ ಗಂಡನ ಊರಿಗೆ ಹೋಗಿಯಾಗಿತ್ತು, ಫೋನ್ ನಂಬರು ತವರಿನ ಅಣ್ಣನದಾಗಿತ್ತು.

ನಮ್ಮ ಭಾಗದಲ್ಲಿ ಮಕ್ಕಳು ಕೈತಪ್ಪುವುದು ಹೆಚ್ಚಾಗಿ ಈ ಎರಡು ಊರುಗಳ ನಡುವಿನ ದಾರಿಯಲ್ಲಿ. ಈ ಬರಹ ಆ ದಾರಿಯ ಬಗ್ಗೆ.

ಮೊದಲು ಲೆಕ್ಕ

ಪ್ರಪಂಚದಾದ್ಯಂತ ಕಿವಿ ತಜ್ಞರು ಪಾಲಿಸುವ ಲೆಕ್ಕಕ್ಕೆ 1-3-6 ಎನ್ನುತ್ತಾರೆ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಎಂಬ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಇದನ್ನೇ 1-2-3ಕ್ಕೆ ಇಳಿಸಲು ಸಾಧ್ಯವಿರುವ ಕಡೆ ಇಳಿಸಿ ಎಂದು ಅಮೆರಿಕದ ಶಿಶು ಶ್ರವಣ ಜಂಟಿ ಸಮಿತಿಯ 2019ರ ಶಿಫಾರಸು ಹೇಳಿತು. ಆತುರ ಏಕೆಂದರೆ, ಗರ್ಭದ ಆರನೆಯ ತಿಂಗಳ ಹೊತ್ತಿಗೇ ಕೂಸಿನ ಒಳಕಿವಿ ಕೇಳಲು ತೊಡಗಿರುತ್ತದೆ. ಹುಟ್ಟುವಾಗಲೇ ಅದಕ್ಕೆ ತಾಯಿಯ ದನಿಯ ಪರಿಚಯವಿರುತ್ತದೆ. ಕೇಳದ ಕೂಸು ಈ ಓಟದಲ್ಲಿ ಆಗಲೇ ಹಿಂದೆ ಬಿದ್ದಿದೆ. ಮಿದುಳಿನ ಶ್ರವಣ ಭಾಗಕ್ಕೆ ಮೊದಲ ಎರಡು ಮೂರು ವರ್ಷ ಸದ್ದು ತಲುಪದಿದ್ದರೆ, ಆಮೇಲೆ ಎಷ್ಟು ಒಳ್ಳೆಯ ಯಂತ್ರ ಹಾಕಿದರೂ ಮಾತಿನ ದಾರಿ ಕಡಿದಾಗುತ್ತದೆ.

ಈಗ ಈ ಲೆಕ್ಕವನ್ನು ನಮ್ಮ ಮನೆಗಳ ಪಂಚಾಂಗದ ಪಕ್ಕ ಇಟ್ಟು ನೋಡಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಐದನೆಯ ತಿಂಗಳಿಗೆ ತಾಯಿ ಕೂಸು ಗಂಡನ ಮನೆಗೆ. ಅಂದರೆ ತಪಾಸಣೆ, ನಿರ್ಣಯ, ಯಂತ್ರದ ಅಳತೆ ಎಲ್ಲವೂ ಬಾಣಂತನದೊಳಗೇ ಮುಗಿಯಬೇಕು. ಹೀಗಾಗಿ ನಾನು ಬರೆದುಕೊಳ್ಳುವ ಮೊದಲ ವಿಷಯ ಕೂಸಿನ ತೂಕವಲ್ಲ, ಎರಡು ಊರುಗಳ ಹೆಸರು, ಮೂರು ಫೋನ್ ನಂಬರುಗಳು (ತಾಯಿಯದು, ತಂದೆಯದು, ತವರಿನದು) ಮತ್ತು ಗಂಡನ ಊರಿನ ಆಶಾ ಕಾರ್ಯಕರ್ತೆಯ ನಂಬರು. ನಿಮ್ಮ ಆಡಿಯಾಲಜಿಸ್ಟ್ ಕೇಳದಿದ್ದರೆ ನೀವೇ ಬರೆಸಿ.

ಹಂತ 1: ಡಿಸ್ಚಾರ್ಜ್ ಆಗುವ ಮುನ್ನ ಓಎಇ

ಒಳಕಿವಿಯ ಸೂಕ್ಷ್ಮ ಕೂದಲ ಕೋಶಗಳು ಸದ್ದನ್ನು ಹಿಡಿಯುವುದಷ್ಟೇ ಅಲ್ಲ, ಹಿಡಿಯುವಾಗ ತಾವೂ ಒಂದು ಅತಿ ಸಣ್ಣ ದನಿಯನ್ನು ಹೊರಡಿಸುತ್ತವೆ. 1978ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ಓಎಇ ಯಂತ್ರ ಮಾಡುವುದು ಇಷ್ಟೇ: ಕೂಸಿನ ಕಿವಿಗೆ ಮೆತ್ತನೆಯ ಬಿರಡೆ ಇಟ್ಟು ಸದ್ದು ಕಳಿಸುತ್ತದೆ, ಮರಳಿ ಬರುವ ದನಿಗೆ ಕಾಯುತ್ತದೆ. ಬಂದರೆ ‘ಪಾಸ್’, ಬರದಿದ್ದರೆ ‘ರೆಫರ್’. ನೋವಿಲ್ಲ, ಸೂಜಿಯಿಲ್ಲ. ಕೂಸು ಮಲಗಿದ್ದರೆ ಐದು ನಿಮಿಷದ ಕೆಲಸ.

ಹುಟ್ಟಿದ ಮೊದಲ 24 ಗಂಟೆಯೊಳಗೆ ಮಾಡಿಸಬೇಡಿ. ಗರ್ಭದ ಬಿಳಿ ಮೇಣ ಮತ್ತು ನೀರು ಕಿವಿಯ ದಾರಿಯಲ್ಲಿ ಇನ್ನೂ ಇರುತ್ತವೆ, ಸುಮ್ಮನೆ ರೆಫರ್ ಬರುತ್ತದೆ. ಸಿಜೇರಿಯನ್ ಆದ ಕೂಸಿಗೆ ಇನ್ನೂ ಒಂದು ದಿನ ಕಾದರೆ ಒಳ್ಳೆಯದು. ಹಾಲು ಕುಡಿಸಿ, ಮಲಗಿಸಿ, ಫ್ಯಾನ್ ಆರಿಸಿ. ಸಾಮಾನ್ಯ ವಾರ್ಡಿನಲ್ಲಿ ನೋಡಲು ಬಂದ ನೆಂಟರ ಮಾತಿನ ನಡುವೆ ಮಾಡಿದ ಓಎಇಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿಮ್ಮ ಆಸ್ಪತ್ರೆಯಲ್ಲಿ ಈ ಯಂತ್ರ ಇಲ್ಲದಿದ್ದರೆ ಮೊದಲ ಲಸಿಕೆಗಳ ಓಡಾಟದಲ್ಲೇ ಇದನ್ನೂ ಸೇರಿಸಿಕೊಳ್ಳಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆ, ಗದಗ ಮತ್ತು ಹಾವೇರಿಯ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳು ವಿಚಾರಿಸಬೇಕಾದ ಜಾಗಗಳು. ಹೊರಡುವ ಮುನ್ನ ಫೋನ್ ಮಾಡಿ, ಯಂತ್ರ ನಡೆಯುತ್ತಿದೆಯೇ, ಯಾವ ವಾರ ಮಾಡುತ್ತಾರೆ ಎಂದು ಕೇಳಿ. ಫಲಿತಾಂಶವನ್ನು, ಪಾಸ್ ಇರಲಿ ರೆಫರ್ ಇರಲಿ, ತಾಯಿ ಕಾರ್ಡಿನಲ್ಲಿ ಬರೆಸಿ. ಡಿಸ್ಚಾರ್ಜ್ ಹಾಳೆ ಕಳೆದುಹೋಗುತ್ತದೆ, ತಾಯಿ ಕಾರ್ಡ್ ಕಳೆಯುವುದಿಲ್ಲ.

ಪೆಟ್ಟಿಗೆಯಲ್ಲಿದ್ದ ಕೂಸಿಗೆ ಓಎಇ ಸಾಲದು

‘ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು’ ಎಂದು ನಮ್ಮವರು ಹೇಳುವ ನವಜಾತ ತೀವ್ರ ನಿಗಾ ಘಟಕದ ಕೂಸುಗಳದ್ದು ಬೇರೆಯೇ ಲೆಕ್ಕ. ಆರೋಗ್ಯವಂತ ಕೂಸುಗಳಲ್ಲಿ ಸಾವಿರಕ್ಕೆ ಒಂದರಿಂದ ಮೂರರಷ್ಟು ಇರುವ ಕಿವುಡು ಇಲ್ಲಿ ನೂರರ ಲೆಕ್ಕಕ್ಕೆ ಬರುತ್ತದೆ. ಐದು ದಿನಕ್ಕಿಂತ ಹೆಚ್ಚು ಅಲ್ಲಿದ್ದವು, ಒಂದೂವರೆ ಕಿಲೋಗಿಂತ ಕಡಿಮೆ ತೂಕದವು, ಹುಟ್ಟಿದ ಕೂಡಲೇ ಅಳದೆ ಉಸಿರುಗಟ್ಟಿದವು, ರಕ್ತ ಬದಲಿಸುವಷ್ಟು ಕಾಮಾಲೆಯಾದವು, ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಇಂಜೆಕ್ಷನ್ ಐದು ದಿನ ಮೀರಿ ಪಡೆದವು, ಮಿದುಳು ಪೊರೆಯ ಜ್ವರ ಬಂದವು, ಹೊರಕಿವಿಯ ಆಕಾರದಲ್ಲೋ ಸೀಳು ತುಟಿ ಅಂಗಳದಲ್ಲೋ ವ್ಯತ್ಯಾಸವಿರುವವು, ವಂಶದಲ್ಲಿ ಚಿಕ್ಕಂದಿನಿಂದ ಕಿವುಡರಿರುವವು: ಇಂಥ ಯಾವ ಕೂಸನ್ನೂ ಬರೀ ಓಎಇ ಪಾಸಾಯಿತೆಂದು ನಾನು ಬಿಡುವುದಿಲ್ಲ. ವಿಶೇಷವಾಗಿ ಕಾಮಾಲೆ ಮತ್ತು ಉಸಿರುಗಟ್ಟಿದ ಕೂಸುಗಳಲ್ಲಿ ಒಳಕಿವಿ ಸರಿಯಿದ್ದು, ಅದರಾಚೆಯ ನರ ಕೈಕೊಡುವುದುಂಟು. ಓಎಇ ನರವನ್ನು ನೋಡುವುದೇ ಇಲ್ಲ. ದೀಪ ಉರಿಯುತ್ತದೆಯೇ ಎಂದು ಕೇಳಿದರೆ ಬಲ್ಬು ಸರಿಯಿದೆ ಎಂದಷ್ಟೇ ಹೇಳಿದಂತೆ. ಪೆಟ್ಟಿಗೆಯಲ್ಲಿದ್ದ ಕೂಸುಗಳಿಗೆ ಮೊದಲ ತಪಾಸಣೆಯೇ ಸ್ವಯಂಚಾಲಿತ ಬೆರಾ, ಅಂದರೆ ನರದ ದಾರಿಯನ್ನೂ ನೋಡುವ ಪರೀಕ್ಷೆ, ಆಗಬೇಕು.

ಹಂತ 2: ರೆಫರ್ ಬಂತು, ಈಗೇನು?

ರೆಫರ್ ಎಂದರೆ ಕಿವುಡು ಅಲ್ಲ. ಮೊದಲ ಸಲ ರೆಫರ್ ಬಂದ ಬಹುಪಾಲು ಕೂಸುಗಳು ಎರಡನೆಯ ಸಲ ಪಾಸಾಗುತ್ತವೆ. ಹಾಗೆಂದು ತಾಟು ಬಡಿದು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಇದು ನಮ್ಮ ಮನೆಗಳ ಅತಿ ದೊಡ್ಡ ಮೋಸ. ತಾಟಿನ ಸದ್ದು ತೀರಾ ದೊಡ್ಡದು. ಮಾತು ಕೇಳದ ಕೂಸಿಗೂ ಅದು ಕೇಳಿಸಬಹುದು. ನೆಲದ ಅದುರು ಮೈಗೆ ತಾಗುತ್ತದೆ, ನಿಮ್ಮ ಕೈಯಾಡುವುದು ಕಣ್ಣಂಚಿಗೆ ಕಾಣುತ್ತದೆ. ಕೂಸು ಬೆಚ್ಚುತ್ತದೆ, ಅಜ್ಜಿ ಗೆಲ್ಲುತ್ತಾಳೆ, ಒಂದು ವರ್ಷ ಹೋಗುತ್ತದೆ. ಇನ್ನೊಂದು ಮೋಸ ಕೂಸಿನ ‘ಆಗೂ ಊಗೂ’. ಪೂರ್ತಿ ಕೇಳದ ಕೂಸೂ ಮೊದಲ ಐದಾರು ತಿಂಗಳು ದನಿ ತೆಗೆಯುತ್ತದೆ. ತನ್ನ ದನಿ ತನಗೇ ಮರಳಿ ಕೇಳಿಸದ್ದರಿಂದ ಆಮೇಲೆ ಮೆಲ್ಲಗೆ ನಿಲ್ಲಿಸುತ್ತದೆ.

ಎರಡರಿಂದ ನಾಲ್ಕು ವಾರದೊಳಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಒಂದೇ ಕಿವಿ ರೆಫರ್ ಆಗಿದ್ದರೂ ಎರಡನ್ನೂ ನೋಡಬೇಕು. ಆಗಲೂ ರೆಫರ್ ಬಂದರೆ ನೇರ ಬೆರಾ. ಕೆಲವು ಕಡೆ ಪಾಸ್ ಬರುವವರೆಗೂ ಓಎಇ ಮಾಡುತ್ತಲೇ ಇರುತ್ತಾರೆ, ಐದನೆಯ ಸಲ ಬಂತೆಂದು ಕಳಿಸುತ್ತಾರೆ. ನಾಣ್ಯವನ್ನು ಬೇಕಾದ ಮುಖ ಬೀಳುವವರೆಗೆ ಚಿಮ್ಮಿಸಿದಂತೆ ಅದು. ಎರಡರ ಮೇಲೆ ಬೇಡ.

ಮಕ್ಕಳ ವೈದ್ಯರನ್ನು ಈ ಹಂತದಲ್ಲೇ ಒಂದು ಮಾತು ಕೇಳಿ: ಸಿಎಂವಿ ಸೋಂಕಿನ ಪರೀಕ್ಷೆ ಬೇಕೇ? ಗರ್ಭದಲ್ಲಿ ತಗಲುವ ಈ ವೈರಸ್ ಕಿವುಡಿಗೆ ಮುಖ್ಯ ಕಾರಣಗಳಲ್ಲೊಂದು. ಜೊಲ್ಲು ಅಥವಾ ಮೂತ್ರದ ಪರೀಕ್ಷೆ ಹುಟ್ಟಿದ 21 ದಿನದೊಳಗೆ ಆದರೆ ಮಾತ್ರ ಹುಟ್ಟಿನಿಂದಲೇ ಇತ್ತೆಂದು ಹೇಳಬಹುದು. ಔಷಧ ಕೊಡಬೇಕೋ ಬೇಡವೋ ಎಂಬುದು ವೈದ್ಯರ ನಿರ್ಧಾರ, ಆದರೆ ಕೊಡುವುದಾದರೆ ಅದನ್ನೂ ಬೇಗ ಶುರುಮಾಡಬೇಕು.

ಕಿವಿಗೆ ಬೆಚ್ಚನೆಯ ಎಣ್ಣೆ ಬಿಡುವುದನ್ನು ಇಂದೇ ನಿಲ್ಲಿಸಿ. ಎರೆಯಲು ಬರುವ ಅಜ್ಜಿಗೆ ನೀವು ಹೇಳಲಾಗದಿದ್ದರೆ ‘ಕಿವಿ ಪರೀಕ್ಷೆಯವರು ಬೈದರು’ ಎಂದು ನನ್ನ ಮೇಲೆ ಹಾಕಿ.

ಹಂತ 3: ಬೆರಾ

ಹಣೆ ಮತ್ತು ಎರಡೂ ಕಿವಿಗಳ ಹಿಂದೆ ಚಿಕ್ಕ ತಂತಿಗಳನ್ನು ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಆ ಸದ್ದು ನರದ ದಾರಿಯಲ್ಲಿ ಮಿದುಳಿನ ಕಾಂಡದವರೆಗೆ ಸಾಗುವಾಗ ಏಳುವ ವಿದ್ಯುತ್ ಅಲೆಗಳನ್ನು ದಾಖಲಿಸುವುದು ಬೆರಾ. ತಂತಿಗಳಿಂದ ಕೂಸಿಗೆ ಕರೆಂಟ್ ಹೋಗುವುದಿಲ್ಲ, ಕೂಸಿನಿಂದ ಬರುವುದನ್ನು ಓದುತ್ತೇವೆ. ಸದ್ದನ್ನು ಇಳಿಸುತ್ತಾ ಹೋಗಿ, ಐದನೆಯ ಅಲೆ ಎಲ್ಲಿಯವರೆಗೆ ಕಾಣುತ್ತದೆ ಎಂದು ನೋಡುತ್ತೇವೆ. ಒಂದು ಗಂಟೆ, ಕೆಲವೊಮ್ಮೆ ಎರಡು. ಅಷ್ಟು ಹೊತ್ತೂ ಕೂಸು ನಿದ್ದೆಯಲ್ಲಿರಬೇಕು. ಪರೀಕ್ಷೆಯ ಅರ್ಧ ಯಶಸ್ಸು ನಿದ್ದೆಯದು, ಮತ್ತು ನಿದ್ದೆ ನಿಮ್ಮ ಕೈಯಲ್ಲಿದೆ.

ಮುಂಡರಗಿಯಿಂದಲೋ ಹಿರೇಕೆರೂರಿನಿಂದಲೋ ಬೆಳಗಿನ ಬಸ್ಸು ಹಿಡಿದು ಬರುವ ತಾಯಂದಿರ ಕೂಸುಗಳು ಮಾಡುವುದು ಒಂದೇ: ಬಸ್ಸಿನ ಅಲುಗಾಟಕ್ಕೆ ದಾರಿಯುದ್ದಕ್ಕೂ ಮಲಗಿ, ನಮ್ಮ ಬಾಗಿಲಲ್ಲಿ ಕಣ್ಣು ತೆರೆದು ನಗುವುದು. ಹೀಗಾಗದಿರಲು, ದೂರದವರು ಮಧ್ಯಾಹ್ನದ ಸಮಯ ಕೇಳಿ ಪಡೆಯಿರಿ. ಬಸ್ಸಿನಲ್ಲಿ ಕೂಸನ್ನು ಆಡಿಸುತ್ತಾ ಎಚ್ಚರವಿಡಿ. ಕೊನೆಯ ಹಾಲನ್ನು ಬಂದ ಮೇಲೆ, ತಂತಿ ಅಂಟಿಸಿದ ನಂತರ ಕುಡಿಸಿ. ಆರು ತಿಂಗಳೊಳಗಿನ ಕೂಸಿಗೆ ಸಾಮಾನ್ಯವಾಗಿ ನಿದ್ದೆ ಔಷಧ ಬೇಕಾಗುವುದಿಲ್ಲ. ಬೇಕಾದರೆ ಅದನ್ನು ವೈದ್ಯರ ಸಮ್ಮುಖದಲ್ಲೇ ಕೊಡಬೇಕು, ನೆಗಡಿ ಕಫ ಇದ್ದಾಗ ಕೊಡಬಾರದು. ಮನೆಯಿಂದ ಕುಡಿಸಿಕೊಂಡು ಬರುವುದಂತೂ ಬೇಡವೇ ಬೇಡ.

ಎಣ್ಣೆಯ ವಿಷಯ ಮತ್ತೆ ಬಂತು. ಬಾಣಂತನದ ಕೂಸೆಂದರೆ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ. ಎಣ್ಣೆ ಚರ್ಮಕ್ಕೆ ತಂತಿ ಹತ್ತುವುದಿಲ್ಲ, ಹತ್ತಿದರೂ ಸಂಕೇತ ಸರಿಯಾಗಿ ಬರುವುದಿಲ್ಲ. ಹಿಂದಿನ ದಿನ ತಲೆಗೆ ಎರೆಯಿರಿ, ಆ ದಿನ ಎಣ್ಣೆ, ಪೌಡರ್ ಬೇಡ. ಹಣೆಯ ಕಾಡಿಗೆ ಬೊಟ್ಟನ್ನು ಅಂಗಾಲಿಗೆ ಇಡಿ, ದೃಷ್ಟಿ ಅಲ್ಲಿಂದಲೂ ತಪ್ಪುತ್ತದೆ. ಕೋಣೆಯಲ್ಲಿ ಮೊಬೈಲ್ ಬಂದ್ ಇರಲಿ.

ಆಡಿಯಾಲಜಿಸ್ಟ್ ಈ ಹೊತ್ತಿನಲ್ಲಿ ಏನೇನು ಮಾಡಬೇಕೆಂದು ನಿಮಗೂ ತಿಳಿದಿರಲಿ. ‘ಟಿಕ್ ಟಿಕ್’ ಎಂಬ ಕ್ಲಿಕ್ ಸದ್ದಿನ ಬೆರಾ ಒಂದೇ ಸಾಲದು. ಅದು ಮುಖ್ಯವಾಗಿ ಮೇಲಿನ ಸ್ವರಗಳ ಲೆಕ್ಕ ಕೊಡುತ್ತದೆ. 500, 1000, 2000, 4000 ಹರ್ಟ್ಸ್‌ಗಳಲ್ಲಿ ಬಿಡಿಬಿಡಿಯಾಗಿ ನೋಡಬೇಕು. ಒಂದೇ ಬೈಠಕ್ಕಿನಲ್ಲಿ ಆಗದಿದ್ದರೆ 500 ಮತ್ತು 2000ದಿಂದ ಶುರುಮಾಡಿ, ಉಳಿದದ್ದಕ್ಕೆ ಮತ್ತೆ ಕರೆಯಬೇಕು. ಸದ್ದನ್ನು ಮೂಳೆಯ ಮೂಲಕವೂ ಕೊಟ್ಟು, ದೋಷ ಮಧ್ಯಕಿವಿಯಲ್ಲಿದೆಯೋ ಒಳಕಿವಿಯಲ್ಲಿದೆಯೋ ಬೇರ್ಪಡಿಸಬೇಕು. ಮಧ್ಯಕಿವಿಯಲ್ಲಿ ನೀರಿದೆಯೇ ಎಂದು ನೋಡುವ ಟಿಂಪನೋಮೆಟ್ರಿಯನ್ನು ಆರು ತಿಂಗಳೊಳಗಿನ ಕೂಸಿಗೆ 1000 ಹರ್ಟ್ಸ್‌ನಲ್ಲಿ ಮಾಡಬೇಕು. ದೊಡ್ಡವರಿಗೆ ಬಳಸುವ 226 ಹರ್ಟ್ಸ್ ಕೂಸಿನ ಮೆದು ಕಿವಿಯಲ್ಲಿ ದಾರಿ ತಪ್ಪಿಸುತ್ತದೆ. ‘1000ದಲ್ಲಿ ಮಾಡಿದಿರಾ?’ ಎಂದು ಒಬ್ಬ ಅಪ್ಪ ಕೇಳಿದ ದಿನ ನನಗೆ ಸಿಟ್ಟು ಬರಲಿಲ್ಲ, ಹಬ್ಬವಾಯಿತು.

ಹಂತ 4: ವರದಿ ಹಿಡಿದು ಕುಳಿತಾಗ

ಪ್ರತಿ ಕಿವಿಗೂ ಬೇರೆ ಬೇರೆ ಸಂಖ್ಯೆ ಇದೆಯೇ ನೋಡಿ. ಡೆಸಿಬೆಲ್ ಸಂಖ್ಯೆ ಎಂದರೆ ಸದ್ದು ಎಷ್ಟು ಜೋರಾದರೆ ಆ ಕಿವಿ ಉತ್ತರಿಸಿತು ಎಂಬುದು. ಸ್ಥೂಲವಾಗಿ 26ರಿಂದ 40 ಅಲ್ಪ, 55ರವರೆಗೆ ಮಧ್ಯಮ, 70ರವರೆಗೆ ಮಧ್ಯಮ-ತೀವ್ರ, 90ರವರೆಗೆ ತೀವ್ರ, ಅದರಾಚೆ ಅತಿ ತೀವ್ರ. ನಾವು ಎದುರುಬದುರು ಕುಳಿತು ಆಡುವ ಮಾತು ಸುಮಾರು 60. ‘ಶೇಕಡ ಎಷ್ಟು ಕಿವುಡು?’ ಎಂದು ಎಲ್ಲರೂ ಕೇಳುತ್ತಾರೆ. 60 ಡೆಸಿಬೆಲ್ ಎಂದರೆ ಶೇಕಡ 60 ಅಲ್ಲ. ಶೇಕಡ ಬೇಕಾಗುವುದು ಸರ್ಟಿಫಿಕೇಟಿಗೆ ಮಾತ್ರ. ‘90ರಲ್ಲಿ ಅಲೆ ಕಾಣಲಿಲ್ಲ’ ಎಂದು ಬರೆದಿದ್ದರೆ ಏನೂ ಕೇಳಿಸುವುದಿಲ್ಲ ಎಂದು ಎದೆಗುಂದಬೇಡಿ, ಕೆಳಗಿನ ಸ್ವರಗಳಲ್ಲಿ ಕೇಳ್ಮೆ ಉಳಿದಿರಬಹುದು.

ವರದಿಗೆ ಸಹಿ ಹಾಕಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿತರೇ ನೋಡಿ. ಕಿವಿ-ಮೂಗು-ಗಂಟಲು ವೈದ್ಯರು ಕಾಯಿಲೆ, ಔಷಧ, ಶಸ್ತ್ರಚಿಕಿತ್ಸೆಯನ್ನು ನೋಡುತ್ತಾರೆ. ಕೇಳ್ಮೆಯನ್ನು ಅಳೆಯುವುದು, ಯಂತ್ರವನ್ನು ಹೊಂದಿಸುವುದು, ವರ್ಷಗಟ್ಟಲೆ ಬೆನ್ನುಹತ್ತಿ ನೋಡುವುದು ಆಡಿಯಾಲಜಿಸ್ಟರ ಕೆಲಸ. ಇಬ್ಬರೂ ಬೇಕು. ಯಂತ್ರ ಮಾರುವವನಷ್ಟೇ ಸಾಲದು.

ಹಂತ 5: ಮನೆಯವರಿಗೆ ಹೇಳುವುದು

ನನ್ನ ವೃತ್ತಿಯಲ್ಲಿ ಇದೇ ಕಷ್ಟದ ಹಂತ. ತಾಯಿಯೊಬ್ಬಳಿಗೇ ಹೇಳಿ ಕಳಿಸುವುದನ್ನು ನಾನು ಎಂದೋ ಬಿಟ್ಟೆ. ಮನೆ ತಲುಪುವಷ್ಟರಲ್ಲಿ ತಪ್ಪು ಅವಳದಾಗಿರುತ್ತದೆ: ಗ್ರಹಣದಲ್ಲಿ ಹೊರಗೆ ಬಂದಳು, ಬಸುರಿಯಲ್ಲಿ ಏನೋ ತಿಂದಳು. ಗಂಡ, ಅತ್ತೆ, ಸಾಧ್ಯವಾದರೆ ಮಾವ ಬಂದು ಕುಳಿತ ಮೇಲೆಯೇ ನಾನು ಬಾಯಿ ತೆರೆಯುವುದು. ಅವರೆದುರಿಗೆ ಮೊದಲ ವಾಕ್ಯ, ‘ಇದು ತಾಯಿಯ ತಪ್ಪಲ್ಲ.’

ಸಂಬಂಧದಲ್ಲೇ ಮದುವೆಯಾದ ಕುಟುಂಬಗಳಿಗೆ ಇನ್ನೊಂದಿಷ್ಟು ವಿವರಿಸಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಆಗುವುದು ನಮ್ಮಲ್ಲಿ ರೂಢಿ. ಹುಟ್ಟುಕಿವುಡಿಗೆ ಕಾರಣವಾಗುವ ಜೀನ್‌ಗಳಲ್ಲಿ ಹೆಚ್ಚಿನವು ಎರಡು ಪ್ರತಿ ಸೇರಿದರಷ್ಟೇ ಕೆಲಸ ಮಾಡುತ್ತವೆ. ಒಂದೇ ಪ್ರತಿ ಇರುವ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಸರಿಯೇ ಇರುತ್ತದೆ. ಒಂದೇ ಮನೆತನದವರಾದಾಗ ಇಬ್ಬರಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ಹೆಚ್ಚು, ಆಗ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದರಷ್ಟು ಸಂಭವ. ‘ನಮ್ಮ ವಂಶದಲ್ಲಿ ಯಾರೂ ಕಿವುಡರಿಲ್ಲ’ ಎಂಬ ವಾದಕ್ಕೆ ಉತ್ತರ ಇದೇ. ಹುಟ್ಟುಕಿವುಡು ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಅಳಲು ಬಿಡಿ. ನಾನು ಆ ದಿನ ಯಂತ್ರದ ಬೆಲೆ ಹೇಳುವುದಿಲ್ಲ. ಮುಂದಿನ ಭೇಟಿಯ ದಿನಾಂಕ ಮಾತ್ರ, ಅದೂ ಒಂದು ವಾರದೊಳಗೆ.

ಹಂತ 6: ಕಿವಿ ಮಿಷನ್

ನಿರ್ಣಯವಾದ ಒಂದು ತಿಂಗಳೊಳಗೆ ಎರಡೂ ಕಿವಿಗೆ ಯಂತ್ರ ಬೀಳಬೇಕು. ಕೂಸಿಗೆ ಯೋಗ್ಯವಾದದ್ದು ಕಿವಿಯ ಹಿಂದೆ ಕೂರುವ ಡಿಜಿಟಲ್ ಯಂತ್ರ ಮತ್ತು ಕೂಸಿನದೇ ಅಳತೆಯ ಮೆತ್ತನೆಯ ಮೋಲ್ಡ್, ಅಂದರೆ ಕಿವಿಯೊಳಗೆ ಕೂರುವ ಅಚ್ಚು. ಅಳತೆಗೆ ಕಿವಿಯೊಳಗೆ ಮೊದಲು ಹತ್ತಿಯ ಸಣ್ಣ ತಡೆ ಇಟ್ಟು, ಕಣಕದಂಥ ಸಿಲಿಕಾನ್ ತುಂಬಿ, ಗಟ್ಟಿಯಾದ ಮೇಲೆ ತೆಗೆಯುತ್ತೇವೆ. ಕೂಸಿನ ಕಿವಿ ಬೆಳೆಯುವ ವೇಗ ಬೆರಗು ಹುಟ್ಟಿಸುವಂಥದ್ದು. ಮೊದಲ ವರ್ಷ ಪ್ರತಿ ಎರಡು ಮೂರು ತಿಂಗಳಿಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಹೊಸ ಮೋಲ್ಡ್ ಬೇಕಾಗುತ್ತದೆ. ಯಂತ್ರ ಸಿಳ್ಳೆ ಹೊಡೆಯಲು ಶುರುವಾಯಿತೆಂದರೆ ಮೋಲ್ಡ್ ಸಡಿಲಾಗಿದೆ ಎಂದು ಅರ್ಥ. ಸಿಳ್ಳೆ ನಿಲ್ಲಿಸಲು ಸದ್ದು ತಗ್ಗಿಸುವುದು ಹಲವರ ಉಪಾಯ. ಅದರಿಂದ ಸಿಳ್ಳೆ ನಿಲ್ಲುತ್ತದೆ, ಕೂಸಿಗೆ ಮಾತು ಕೇಳುವುದೂ ನಿಲ್ಲುತ್ತದೆ.

ಸದ್ದಿನ ಅಳತೆ ಹೇಗೆ ನಿಗದಿ ಮಾಡುತ್ತಾರೆ ಎಂದು ಕೇಳಿ. ಒಂದು ಲೋಟ ನೀರು ಕೊಡದಲ್ಲಿ ತಳ ಮುಚ್ಚುವುದೂ ಇಲ್ಲ, ಅದೇ ನೀರು ಚಿಕ್ಕ ತಂಬಿಗೆಯಲ್ಲಿ ಅರ್ಧಕ್ಕೇರುತ್ತದೆ. ದೊಡ್ಡವರ ಕಿವಿಗೆ ಹದವಾದ ಸದ್ದು ಕೂಸಿನ ಪುಟ್ಟ ಕಿವಿಯಲ್ಲಿ ಹಾಗೆಯೇ ಏರುತ್ತದೆ. ಆದ್ದರಿಂದ ಕಿವಿಯೊಳಗೆ ತೆಳುವಾದ ನಳಿಗೆ ಇಟ್ಟು ಅಳೆದು, ಮಕ್ಕಳಿಗೆಂದೇ ಮಾಡಿದ ಸೂತ್ರದಂತೆ ಯಂತ್ರವನ್ನು ಹೊಂದಿಸಬೇಕು. ಕಂಪ್ಯೂಟರಿಗೆ ಜೋಡಿಸಿ ಎರಡು ನಿಮಿಷದಲ್ಲಿ ‘ಆಯಿತು’ ಎಂದರೆ ಆಗಿಲ್ಲ.

ಎಚ್ಚರವಿರುವ ಅಷ್ಟೂ ಹೊತ್ತು ಯಂತ್ರ ಕಿವಿಯಲ್ಲಿರಬೇಕು. ಸ್ನಾನ ಮತ್ತು ನಿದ್ದೆಗೆ ಮಾತ್ರ ತೆಗೆಯಿರಿ. ಮೊದಲ ವಾರ ಕೂಸು ಕಿತ್ತೆಸೆಯುತ್ತದೆ. ನೀವು ಹತ್ತು ಸಲ ಹಾಕಿದರೆ ಹನ್ನೊಂದನೆಯ ಸಲ ಬಿಡುತ್ತದೆ. ಕುಂಚಿಗೆ ಮತ್ತು ದಪ್ಪ ಉಣ್ಣೆಯ ಕುಲಾವಿ ಮೈಕನ್ನು ಮುಚ್ಚಿ ಗರಗರ ಸದ್ದು ಮಾಡುತ್ತವೆ. ತೆಳು ಹತ್ತಿ ಬಟ್ಟೆಯ ಪಟ್ಟಿ ಸಾಕು. ಯಂತ್ರಕ್ಕೊಂದು ದಾರ ಕಟ್ಟಿ ಅಂಗಿಯ ಬೆನ್ನಿಗೆ ಕ್ಲಿಪ್ ಹಾಕಿದರೆ ಬಸ್ಸಿನಲ್ಲಿ ಕಳೆಯುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಮೋಲ್ಡಿನ ನಳಿಗೆಯಲ್ಲಿ ನೀರ ಹನಿ ಕಟ್ಟುತ್ತದೆ. ರಾತ್ರಿ ಸೆಲ್ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಸೆಲ್‌ಗಳ ವಿಷಯದಲ್ಲಿ ಮಾತ್ರ ನಾನು ಬಿಗಿ. ಗುಂಡಿಯಂಥ ಆ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯಲ್ಲೇ ಅನ್ನನಾಳ ಸುಡಬಹುದು. ಬಾಳೆಹಣ್ಣು ತಿನ್ನಿಸಿ ಮಲದಲ್ಲಿ ಬರುತ್ತದೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ. ಯಂತ್ರ ಕೊಳ್ಳುವಾಗ ಮಕ್ಕಳು ತೆಗೆಯಲಾಗದ ಬೀಗವಿರುವ ಸೆಲ್ ಬಾಗಿಲನ್ನೇ ಕೇಳಿ.

ಹಂತ 7: ಮನೆಯಲ್ಲಿ

ದಿನ ಬೆಳಿಗ್ಗೆ ಯಂತ್ರ ಹಾಕುವ ಮುನ್ನ ಸ್ಟೆತಸ್ಕೋಪಿನಂಥ ಕೇಳುಗೊಳವೆಯಿಂದ ನೀವೇ ಒಮ್ಮೆ ಕೇಳಿ ನೋಡಿ. ಹಾಕಿದ ಮೇಲೆ ಆರು ದನಿಗಳ ಪರೀಕ್ಷೆ: ಆ, ಈ, ಊ, ಮ್, ಶ್, ಸ್. ಕೂಸಿನ ಹಿಂದೆ ಅಥವಾ ಪಕ್ಕದಲ್ಲಿ, ಮೂರಡಿ ದೂರದಲ್ಲಿ ಕುಳಿತು ಒಂದೊಂದಾಗಿ, ಸಹಜ ದನಿಯಲ್ಲಿ ಹೇಳಿ. ಕೂಸು ಚೀಪುವುದನ್ನು ನಿಲ್ಲಿಸುತ್ತದೆಯೇ, ಕಣ್ಣರಳಿಸುತ್ತದೆಯೇ, ತಿರುಗುತ್ತದೆಯೇ ಗಮನಿಸಿ ಪಟ್ಟಿ ಬರೆದಿಡಿ. ಊ ಮತ್ತು ಮ್ ಕೆಳಸ್ವರದವು, ಸ್ ತೀರಾ ಮೇಲಿನದು. ಸ್ ಒಂದು ಕೇಳದಿದ್ದರೆ ‘ಬಸ್ಸು’ ಬರೀ ‘ಬ’ ಆಗುತ್ತದೆ, ‘ಸಾಕು’ ಎಂಬುದು ‘ಆಕು’ ಆಗುತ್ತದೆ. ನಿನ್ನೆ ಕೇಳಿದ ದನಿ ಇಂದು ಕೇಳದಿದ್ದರೆ ಸೆಲ್, ನಳಿಗೆ, ಕಿವಿಯ ನೆಗಡಿ, ಈ ಕ್ರಮದಲ್ಲಿ ನೋಡಿ. ಸರಿಹೋಗದಿದ್ದರೆ ನಮಗೆ ಫೋನ್ ಮಾಡಿ.

ಗದಗ-ಬೆಟಗೇರಿಯ ನೇಕಾರರ ಮನೆಗಳಿಂದ ಬರುವ ತಾಯಂದಿರಿಗೆ ನಾನು ಬೇರೆ ಸೂಚನೆ ಕೊಡುತ್ತೇನೆ. ಯಂತ್ರ ಮಾತನ್ನೂ ಹೆಚ್ಚಿಸುತ್ತದೆ, ಮಗ್ಗದ ಸದ್ದನ್ನೂ ಹೆಚ್ಚಿಸುತ್ತದೆ. ಮಗ್ಗ ನಿಂತಿರುವ ಹೊತ್ತನ್ನು, ಊಟದ ಬಿಡುವನ್ನೋ ಮುಂಜಾವನ್ನೋ, ಕೂಸಿನೊಡನೆ ಮಾತಿಗೆಂದೇ ಮೀಸಲಿಡಿ. ಉಳಿದ ಹೊತ್ತು ಕಿವಿಯ ಹತ್ತಿರ ಬಾಗಿ ಮಾತಾಡಿ. ದೂರ ಅರ್ಧವಾದರೆ ಮಾತು ಎಷ್ಟೋ ಪಾಲು ಬಲವಾಗುತ್ತದೆ.

ಉಳಿದದ್ದು ನಿಮ್ಮ ತಾಯಂದಿರು ಮಾಡುತ್ತಿದ್ದದ್ದೇ: ಜೋಗುಳ, ಹಾಲು ಕುಡಿಸುವಾಗಿನ ಹರಟೆ, ‘ಕಾಗೆ ಬಂತು ನೋಡು’. ಮಾತಾಡಿ, ನಿಲ್ಲಿಸಿ, ಕೂಸಿನ ಸರದಿಗೆ ಕಾಯಿರಿ. ಟಿವಿ ಬೇಡ, ಅದು ಕಾಯುವುದಿಲ್ಲ. ಸ್ಪೀಚ್ ಥೆರಪಿಸ್ಟ್ ವಾರಕ್ಕೊಮ್ಮೆ ನೋಡುವುದು ಕೂಸನ್ನಾದರೂ, ಅವರು ನಿಜವಾಗಿ ಕಲಿಸುವುದು ನಿಮಗೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂರುವುದು ಇದೇ ಕಾರಣಕ್ಕೆ. ಕೈಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ಕೈ ಕಟ್ಟಿಹಾಕುವವರ ಜೊತೆ ನನಗೆ ಜಗಳವಿದೆ. ಸನ್ನೆ ಮಾತನ್ನು ತಡೆಯುವುದಿಲ್ಲ. ಭಾರತೀಯ ಸಂಜ್ಞಾ ಭಾಷೆಯನ್ನೇ ಆರಿಸಿಕೊಳ್ಳುವ ಮನೆಗಳೂ ಇವೆ, ಅದೂ ಪೂರ್ಣ ಭಾಷೆಯೇ.

ಆರು ತಿಂಗಳು ದಾಟಿ ಕೂಸು ಕುತ್ತಿಗೆ ತಿರುಗಿಸಲು ಕಲಿತ ಮೇಲೆ ಸದ್ದು ಬಂದ ಕಡೆ ನೋಡಿದರೆ ಗೊಂಬೆ ಬೆಳಗುವ ಪರೀಕ್ಷೆ ಮಾಡುತ್ತೇವೆ. ಅಲ್ಲಿಯವರೆಗೆ ಬೆರಾ ಕೊಟ್ಟದ್ದು ಅಂದಾಜು. ಇಲ್ಲಿ ಕೂಸೇ ಬಾಯಿಬಿಟ್ಟು ಹೇಳಿದಂತೆ. ಫಲಿತಾಂಶ ನೋಡಿ ಯಂತ್ರವನ್ನು ಮತ್ತೆ ಹೊಂದಿಸಬೇಕು.

ಯಂತ್ರ ಸಾಲದಿದ್ದಾಗ

ತೀವ್ರ ಅಥವಾ ಅತಿ ತೀವ್ರ ದೋಷವಿರುವ ಕೂಸಿಗೆ ಮೂರರಿಂದ ಆರು ತಿಂಗಳು ಸರಿಯಾಗಿ ಯಂತ್ರ ಹಾಕಿಯೂ ಮಾತಿನ ಸದ್ದು ಸಿಗದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ತಂತಿ ಕೂರಿಸಿ ನರಕ್ಕೆ ನೇರ ಸಂಕೇತ ಕೊಡುವ ಸಾಧನ) ಬಗ್ಗೆ ಮಾತಾಡುತ್ತೇವೆ. ಒಂದು ವರ್ಷದ ಆಸುಪಾಸಿನಲ್ಲಿ ಆದರೆ ಫಲ ಚೆನ್ನ. ಮೊದಲು ಸಿಟಿ, ಎಂಆರ್‌ಐ ಸ್ಕ್ಯಾನ್, ನ್ಯುಮೋಕಾಕಲ್ ಲಸಿಕೆ. ಶಸ್ತ್ರಚಿಕಿತ್ಸೆಯಾದ ಎರಡರಿಂದ ನಾಲ್ಕು ವಾರಕ್ಕೆ ಯಂತ್ರ ಚಾಲೂ ಮಾಡುತ್ತೇವೆ, ಆಮೇಲೆ ಮ್ಯಾಪಿಂಗ್‌ಗೆ, ಅಂದರೆ ಅದರ ಸಂಕೇತಗಳನ್ನು ಕೂಸಿಗೆ ಹೊಂದಿಸಲು, ಮತ್ತೆ ಮತ್ತೆ ಬರಬೇಕು. ಮಿದುಳು ಪೊರೆಯ ಜ್ವರದಿಂದ ಕಿವುಡು ಬಂದಿದ್ದರೆ ಈ ಕಾಯುವಿಕೆ ಬೇಡ, ಒಳಕಿವಿಯಲ್ಲಿ ಮೂಳೆ ಬೆಳೆದು ದಾರಿ ಮುಚ್ಚುವುದರೊಳಗೆ ಓಡಬೇಕು. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆ ಮತ್ತು ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ವೆಚ್ಚ ಭರಿಸುತ್ತವೆ, ವಯಸ್ಸಿನ ಮಿತಿ ಇದೆ. ಮೂರೂವರೆಗೆ ಬಂದ ಆ ಹುಡುಗನಿಗೆ ಈ ಮಿತಿಯೊಳಗೆ ಹೆಚ್ಚು ಸಮಯ ಉಳಿದಿರಲಿಲ್ಲ.

ಕಾಗದಪತ್ರದ ಕೆಲಸ ಬೇಸರದ್ದು, ಆದರೂ ಬೇಗ ಮುಗಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡೂ ಸೇರಿದೆ. ಜಿಲ್ಲೆಯ ಡಿಇಐಸಿಯಲ್ಲಿ, ಅಂದರೆ ಮಕ್ಕಳ ದೋಷಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಸರ್ಕಾರಿ ಕೇಂದ್ರದಲ್ಲಿ, ಹೆಸರು ಬರೆಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಶೇಕಡ 40ರಷ್ಟು ದೋಷದಿಂದ ಸವಲತ್ತು, ಅದಕ್ಕೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಬೇಕು.

ಪಾಸಾದವರೂ ಓದಿ

ಹುಟ್ಟಿದಾಗ ಸರಿಯಿದ್ದ ಕಿವಿ ಆಮೇಲೆ ಕೆಡಬಹುದು. ಮೇಲೆ ಹೇಳಿದ ಅಪಾಯದ ಪಟ್ಟಿಯಲ್ಲಿದ್ದ ಕೂಸುಗಳನ್ನು ಪಾಸಾಗಿದ್ದರೂ ಒಂಬತ್ತು ತಿಂಗಳೊಳಗೆ ಮತ್ತೆ ತೋರಿಸಿ. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯ ಹೆರಿಗೆಯ ನಂತರ 42 ದಿನದೊಳಗೆ ಆರು ಸಲ ಮನೆಗೆ ಬರುತ್ತಾರೆ. ಅವರಿಗೆ ನನ್ನ ಕೋರಿಕೆ ಒಂದೇ: ಪ್ರತಿ ಸಲವೂ ತಾಯಿ ಕಾರ್ಡಿನಲ್ಲಿ ಓಎಇ ಸಾಲು ನೋಡಿ. ತಾಯಿ ‘ಏಕೋ ಕೇಳಿಸುವುದಿಲ್ಲ ಅನ್ನಿಸುತ್ತದೆ’ ಎಂದರೆ ಅದೊಂದೇ ಪರೀಕ್ಷೆಗೆ ಸಾಕಾದ ಕಾರಣ. ನನ್ನ ಅನುಭವದಲ್ಲಿ ತಾಯಂದಿರು ಯಂತ್ರಕ್ಕಿಂತ ಮೊದಲು ಹಿಡಿದಿರುತ್ತಾರೆ, ಮನೆಯವರು ಸುಮ್ಮನಾಗಿಸಿರುತ್ತಾರೆ.

ಮುಂದಿನ ಹೆರಿಗೆ

ಆ ಹುಡುಗನ ತಾಯಿ ಈಗ ಮತ್ತೆ ಬಸುರಿ. ಅವರದು ಸೋದರಮಾವನ ಸಂಬಂಧ. ಜೀನ್ ಪರೀಕ್ಷೆಗೆ ರಕ್ತ ಕೊಟ್ಟಿದ್ದಾರೆ, ಫಲಿತಾಂಶ ಬರಬೇಕಿದೆ. ಹೆರಿಗೆ ಈ ಸಲ ಗಂಡನ ಊರಿನ ಹತ್ತಿರವೇ. ಅತ್ತೆಯೇ ಫೋನ್ ಮಾಡಿ ದಿನಾಂಕ ತಿಳಿಸಿದ್ದಾರೆ. ಎರಡನೆಯ ದಿನ ಓಎಇ, ಪಾಸಾದರೂ ತಿಂಗಳೊಳಗೆ ಬೆರಾ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ, ಎಣ್ಣೆ ಹಚ್ಚದೆ ಕರೆತನ್ನಿ ಎಂದೂ ಹೇಳಿದ್ದೇನೆ.